ಎಂಕ್ಯಾಟ್ ಅಂಕ ನೋಡಿ ಭವಿಷ್ಯ ಹೇಳೋದು

ಅಮೆರಿಕದಲ್ಲಿ ವೈದ್ಯರಾಗಲು ಎಂಡಿ ಒಂದು ದಾರಿ, ಡಿಓ ಇನ್ನೊಂದು. ಡಿಓ ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್. 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಕಾಲೇಜು ಶುರು ಮಾಡಿದರು. ಈಗಿನ ಡಿಓಗಳು ಔಷಧಿ ಬರೆಯುತ್ತಾರೆ, ಸರ್ಜರಿ ಮಾಡುತ್ತಾರೆ, ಜೊತೆಗೆ ಮೂಳೆ, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವುದನ್ನೂ ಕಲಿತಿರುತ್ತಾರೆ.

ಈ ಕಾಲೇಜುಗಳಿಗೆ ಯಾವಾಗಲೂ ಒಂದೇ ತಲೆನೋವು. ಸೀಟು ಕೊಡುವ ದಿನವೇ, ಈ ಹುಡುಗಿ ಮುಂದೆ ಲೈಸೆನ್ಸ್ ಪರೀಕ್ಷೆ ಪಾಸಾಗುತ್ತಾಳಾ ಅಂತ ಗೊತ್ತಾಗಬೇಕು. ಆಗ ಕೈಯಲ್ಲಿ ಇರುವುದು ಏನು? ಡಿಗ್ರಿಯ ಜಿಪಿಎ, ಅಂದರೆ ಸರಾಸರಿ ಗ್ರೇಡು, ಅದರಲ್ಲೂ ವಿಜ್ಞಾನ ವಿಷಯಗಳ ಜಿಪಿಎ, ಆಮೇಲೆ ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ. ಎಂಕ್ಯಾಟ್ 472ರಿಂದ 528ರವರೆಗೆ ಇರುತ್ತದೆ, ನಡುಬಿಂದು 500. ಮುಂದೆ ಎದುರಾಗುವುದು ಕಾಮ್ಲೆಕ್ಸ್, ಡಿಓಗಳ ಮೂರು ಹಂತದ ಲೈಸೆನ್ಸ್ ಪರೀಕ್ಷೆ. ಲೆವೆಲ್ 1 ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ, ಲೆವೆಲ್ 2 ಆಸ್ಪತ್ರೆಯಲ್ಲಿ ಕಲಿಯುವ ಕ್ಲಿನಿಕಲ್ ವರ್ಷಗಳಲ್ಲಿ, ಲೆವೆಲ್ 3 ರೆಸಿಡೆನ್ಸಿಯಲ್ಲಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಯಲ್ಲಿ.

ಎಂಕ್ಯಾಟ್‌ಗೂ ಲೆವೆಲ್ 1ಕ್ಕೂ ಸಂಬಂಧ ಇದೆಯಾ? ಇದೆ, ಆದರೆ ಎಲ್ಲರೂ ಅಂದುಕೊಳ್ಳುವಷ್ಟು ಅಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಎರಡರ ನಡುವೆ ಕೋರಿಲೇಶನ್ (ಎರಡು ಅಂಕಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, 0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ) 0.4 ಇದೆ ಅಂದುಕೊಳ್ಳಿ. ಕೇಳಲು ದೊಡ್ಡದೇ. ಅದರ ವರ್ಗ ತೆಗೆದರೆ 0.16. ಅಂದರೆ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸದಲ್ಲಿ ಶೇ. 16 ಮಾತ್ರ ಇದರಿಂದ ಅರ್ಥವಾಗುತ್ತದೆ, ಉಳಿದ ಶೇ. 84 ಬೇರೆ ಎಲ್ಲಿಂದಲೋ ಬಂದಿರುತ್ತದೆ: ಓದುವ ರೀತಿ, ನಿದ್ದೆ, ಮನೆಯ ಕಷ್ಟ, ಆ ದಿನದ ಅದೃಷ್ಟ, ಇನ್ನೇನೋ. ಇಷ್ಟು ಇಟ್ಟುಕೊಂಡು 503 ಬಂದವರನ್ನು ಬಿಟ್ಟು 505 ಬಂದವರನ್ನು ಕರೆದರೆ, ಅದು ಲಾಟರಿಗಿಂತ ಎಷ್ಟು ಮೇಲು?

ಇದರಲ್ಲಿ ಒಂದು ಮೋಸವೂ ಅಡಗಿದೆ. ನಮಗೆ ಡೇಟಾ ಸಿಗುವುದು ಸೀಟು ಸಿಕ್ಕವರದ್ದು ಮಾತ್ರ. ಕಡಿಮೆ ಅಂಕದವರಲ್ಲಿ ಹೆಚ್ಚಿನವರನ್ನು ಬಾಗಿಲಲ್ಲೇ ತಡೆದಾಗಿದೆ, ಅವರು ಒಳಗೆ ಬಂದಿದ್ದರೆ ಏನು ಮಾಡುತ್ತಿದ್ದರೋ ಯಾರಿಗೆ ಗೊತ್ತು. ಬಾಸ್ಕೆಟ್‌ಬಾಲ್ ತಂಡದೊಳಗೆ ಮಾತ್ರ ಅಳೆದು ನೋಡಿ ಎತ್ತರಕ್ಕೂ ಆಟಕ್ಕೂ ಸಂಬಂಧವಿಲ್ಲ ಎಂದ ಹಾಗೆ ಇದು. ಹಾಗಾಗಿ ಕೋರಿಲೇಶನ್ ಕಡಿಮೆ ಬಂದ ಮಾತ್ರಕ್ಕೆ ಎಂಕ್ಯಾಟ್ ಶುದ್ಧ ದಂಡ ಅನ್ನಲೂ ಆಗುವುದಿಲ್ಲ.

ಸೀಟು ಸಿಕ್ಕ ಮೇಲೆ ಚಿತ್ರ ಬದಲಾಗುತ್ತದೆ. ಮೊದಲೆರಡು ವರ್ಷದ ಕಾಲೇಜು ಅಂಕಗಳು ಎಂಕ್ಯಾಟ್‌ಗಿಂತ ಚೆನ್ನಾಗಿ ಲೆವೆಲ್ 1ರ ಸುಳಿವು ಕೊಡುತ್ತವೆ. ಲೆವೆಲ್ 1ಕ್ಕೆ ಅಂಕ ಕೊಡುತ್ತಿದ್ದಾಗ ಅದು ಲೆವೆಲ್ 2ರ ಸುಳಿವು ಕೊಡುತ್ತಿತ್ತು. ಇದರಲ್ಲಿ ಆಶ್ಚರ್ಯ ಏನಿಲ್ಲ ಅಲ್ವಾ? ಬಹುತೇಕ ಎಲ್ಲವೂ ಬಹುಆಯ್ಕೆಯ ಪ್ರಶ್ನೆಗಳೇ, ಅದರಲ್ಲಿ ಪಳಗಿದವರು ಮುಂದಿನದರಲ್ಲೂ ಗೆಲ್ಲುತ್ತಾರೆ. ಆದರೆ ವಾರ್ಡಿನಲ್ಲಿ ಹಿರಿಯ ವೈದ್ಯರು ಕೊಡುವ ಗ್ರೇಡಿನ ಜೊತೆ ಇವನ್ನು ಹೋಲಿಸಿದರೆ ಸಂಬಂಧ ಸೊರಗುತ್ತದೆ. ಆ ಗ್ರೇಡುಗಳಲ್ಲೂ ತೊಂದರೆ ಇದೆ, ಬಹುತೇಕ ಎಲ್ಲರಿಗೂ ಒಳ್ಳೆಯದೇ ಸಿಗುತ್ತದೆ, ಹಾಗಿದ್ದ ಮೇಲೆ ಯಾರನ್ನು ಯಾರಿಂದ ಬೇರೆ ಮಾಡುವುದು?

ನನಗನ್ನಿಸುವುದು ಇಷ್ಟು: ಈ ಅಂಕಗಳು ಬಾಗಿಲು ಮುಚ್ಚುವುದಕ್ಕಿಂತ, ಒಳಗೆ ಬಂದವರಲ್ಲಿ ಯಾರಿಗೆ ಬೇಗ ಸಹಾಯ ಬೇಕು ಅಂತ ಹುಡುಕಲು ಜಾಸ್ತಿ ಉಪಯೋಗ. ಮೊದಲ ಸೆಮಿಸ್ಟರ್‌ನಲ್ಲೇ ಒಬ್ಬರು ಎಡವಿದರೆ ಟ್ಯೂಟರ್ ಕೊಡಲು, ಪರೀಕ್ಷೆ ಮುಂದೂಡಲು ಇನ್ನೂ ಸಮಯ ಇರುತ್ತದೆ.

2022ರ ಮೇ ತಿಂಗಳಿಂದ ಲೆವೆಲ್ 1 ಬರೀ ಪಾಸ್-ಫೇಲ್ ಆಗಿದೆ. ಒತ್ತಡ ಕಡಿಮೆಯಾಗಲಿ ಅಂತ ಮಾಡಿದ್ದು, ಆದರೆ ರೆಸಿಡೆನ್ಸಿಗೆ ಆಯ್ಕೆ ಮಾಡುವವರಿಗೆ ಒಂದು ಸಂಖ್ಯೆ ಬೇಕೇ ಬೇಕು, ಅವರ ಕಣ್ಣು ಈಗ ಲೆವೆಲ್ 2 ಮೇಲೆ. ಅದರ ಫಲಿತಾಂಶ ಬರುವ ಹೊತ್ತಿಗೆ ಅರ್ಜಿ ಹಾಕುವ ಕಾಲ ಹತ್ತಿರ ಬಂದಿರುತ್ತದೆ. ಅಂಕ ಕಡಿಮೆ ಬಂದರೆ ಸುಧಾರಿಸಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ.