14 ಜೂನ್ 2025, ಶನಿವಾರ: ‘ತಯಾರಾಗಿ’ಯ ಒಳಗಿನ ರಾಗಿ

ದೊಡ್ಡಪ್ಪ ಇಪ್ಪತ್ತು ವರ್ಷ ಬರೆದ ಬೇಸಾಯದ ಟಿಪ್ಪಣಿಗಳೆಲ್ಲ ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿವೆ. ಯಾವ ಬೆಳೆಯ ಬಗ್ಗೆ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಒಂದು ಪಟ್ಟಿ ಮಾಡಿಕೊಡಬೇಕು. ಇವತ್ತು ಬೆಳಗ್ಗೆ ಕಾಫಿ ಕುಡಿದು ರಾಗಿಯಿಂದ ಶುರು ಮಾಡಿದೆ.

ಮೊದಲು ಸುಮ್ನೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು: ಈ ಟಿಪ್ಪಣಿಯಲ್ಲಿ ‘ರಾಗಿ’ ಇದೆಯಾ, ಇಲ್ಲವಾ? ಹೆಚ್ಚುಕಡಿಮೆ ಎಲ್ಲ ಟಿಪ್ಪಣಿಗೂ ‘ಇದೆ’ ಅಂತ ಉತ್ತರ ಬಂತು. ತೆಗೆದು ನೋಡಿದರೆ ‘ಮಳೆ ಜೋರಾಗಿ ಬಂತು’, ‘ಪೈರು ಹಸಿರಾಗಿದೆ’, ‘ಹೊಲ ತಯಾರಾಗಿತ್ತು’. ಜೋರಾಗಿ, ಹಸಿರಾಗಿ, ತಯಾರಾಗಿ, ಎಲ್ಲದರ ಹೊಟ್ಟೆಯಲ್ಲೂ ರಾಗಿ ಇದೆ! ಇಷ್ಟು ವರ್ಷ ಕನ್ನಡ ಓದಿದರೂ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಇಂಥ ಕಡೆ ಎಲ್ಲರೂ ಹೇಳುವ ಉಪಾಯ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಹುಡುಕಬೇಕಾದ ಪದದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆದುಕೊಡುವುದು. ಪದದ ಎರಡೂ ತುದಿಗೆ ಬ್ಯಾಕ್‌ಸ್ಲ್ಯಾಶ್ ಬಿ ಹಾಕಿದರೆ ಪೂರ್ತಿ ಪದ ಮಾತ್ರ ಸಿಗುತ್ತದೆ, ಒಳಗೆ ಸೇರಿಕೊಂಡಿದ್ದು ಸಿಗುವುದಿಲ್ಲ. ಹಾಕಿದೆ. ಈಗ ‘ರಾಗಿ’ ಅಂತ ಬಿಡಿಯಾಗಿ ಬರೆದಿದ್ದು ಒಂದೂ ಸಿಗಲಿಲ್ಲ. ‘ಹಸಿರಾಗಿದೆ’, ‘ತಯಾರಾಗಿತ್ತು’ ಇಂಥವು ಸಿಕ್ಕವು!

ಇದರ ಕಾರಣ ಹುಡುಕಲು ಮಧ್ಯಾಹ್ನದವರೆಗೆ ಕೂತೆ. ಪೈಥಾನ್‌ನ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ಕ, ಗ, ರ ಎಲ್ಲ ಅಕ್ಷರವೇ. ಆದರೆ ಗುಣಿತದ ಚಿಹ್ನೆಗಳು, ಅಂದರೆ ದೀರ್ಘ, ಗುಡಿಸು, ಕೊಂಬು, ಮತ್ತೆ ಒತ್ತಕ್ಷರ ಕಟ್ಟುವ ವಿರಾಮ, ಇವು ಅದರ ಲೆಕ್ಕದಲ್ಲಿ ಪದದ ಭಾಗವೇ ಅಲ್ಲ. ‘ಕನ್ನಡ’ ಎಂಬ ಪದವನ್ನು ಅದರ ಕೈಗೆ ಕೊಟ್ಟರೆ ‘ಕನ’, ‘ನಡ’ ಅಂತ ಎರಡು ಚೂರು ಮಾಡಿ ಕೊಡುತ್ತದೆ. ‘ರಾಗಿ’ಯ ಕೊನೆಯಲ್ಲಿ ಗುಡಿಸು ಇದೆ, ಅದರ ಮುಂದೆ ಖಾಲಿ ಜಾಗ. ಎರಡೂ ‘ಪದವಲ್ಲ’. ಬ್ಯಾಕ್‌ಸ್ಲ್ಯಾಶ್ ಬಿ ಹುಡುಕುವ ಗಡಿ ಇರುವುದು ಪದ ಮತ್ತು ಪದವಲ್ಲದ್ದರ ನಡುವೆ. ಹಾಗಾಗಿ ಅಲ್ಲಿ ಗಡಿಯೂ ಇಲ್ಲ. ‘ತಯಾರಾಗಿತ್ತು’ವಿನಲ್ಲಿ ಗುಡಿಸಿನ ಮುಂದೆ ತ ಬರುತ್ತದೆ, ಅಲ್ಲಿ ಗಡಿ ಇದೆ ಎಂದುಕೊಳ್ಳುತ್ತದೆ. ಯಾ ಮತ್ತು ರಾ ನಡುವೆಯೂ ಅದೇ ಕಥೆ. ಸಿಗಬೇಕಾದದ್ದು ಬಿಟ್ಟು ಬೇಡದ್ದು ಸಿಕ್ಕಿದ್ದು ಹೀಗೆ.

ನನಗೆ ಇದು ನಿಜವಾಗಿ ನೋವಾಯಿತು. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಮ್ಸನ್ ಈ ಹುಡುಕಾಟದ ವಿಧಾನವನ್ನು ಪ್ರಕಟಿಸಿದ್ದು 1968ರಲ್ಲಿ. ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ. ಕನ್ನಡ ಅದರಲ್ಲೇ ಇತ್ತು. ಗುಣಿತ ಇಲ್ಲದ ಕನ್ನಡ ಪದ ಎಷ್ಟಿವೆ ಹೇಳಿ?

ದಾರಿ ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ 128 ಜಾಗ. ‘ಎಡಗಡೆ ಈ ಜಾಗದ ಯಾವುದೂ ಇರಬಾರದು’ ಅಂತ ನಾನೇ ಷರತ್ತು ಬರೆದೆ. ಜೋರಾಗಿ, ಹಸಿರಾಗಿ ಎಲ್ಲ ಉದುರಿಹೋದವು. ಬಲಗಡೆಗೆ ಮಾತ್ರ ಅಂಥ ಷರತ್ತು ಹಾಕಬಾರದು. ರಾಗಿಯ, ರಾಗಿಗೆ, ರಾಗಿಯನ್ನು, ರಾಗಿಮುದ್ದೆ, ಇವೆಲ್ಲ ಬೇಕು. ‘ರಾಗಿಣಿ’ ಒಂದು ಬೇಡ, ಅಷ್ಟೇ.

ಪಟ್ಟಿ ಹಿಡಿದು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: ‘ಗುಳಿರಾಗಿ ಬಂತೇನಮ್ಮ?’

ಬಂದಿರಲಿಲ್ಲ. ಗುಳಿ ತೆಗೆದು ಸಸಿ ನೆಡುವ ಆ ಪದ್ಧತಿ ಬಗ್ಗೆ ಅವರು ಎಷ್ಟು ಆಸೆಯಿಂದ ಬರೆದಿದ್ದಾರೆ! ಅದನ್ನು ಕೂಡಿಸಿ ಬರೆದಿದ್ದರಿಂದ ನನ್ನ ಎಡಗಡೆಯ ಷರತ್ತು ಅದನ್ನೂ ತಳ್ಳಿಹಾಕಿತ್ತು. ಈಗ ಷರತ್ತಿನ ಮುಂದೆ ಇರುವುದು ಹೀಗೆ: (ಗುಳಿ)?ರಾಗಿ(?!ಣಿ). ಗುಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮುಂದೆ ಣಿ ಮಾತ್ರ ಬರಬಾರದು.

‘ಕೊಯ್ಲು’ ಹುಡುಕುವಾಗ ಇನ್ನೊಂದು ತೊಡಕು. ಹಳೆಯ ಟಿಪ್ಪಣಿಗಳನ್ನು ಬೇರೆ ಫಾಂಟ್‌ನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಿಸಿದ್ದು. ಕೆಲವು ಕಡೆ ‘ಕೊ’ದ ಚಿಹ್ನೆ ಒಂದೇ ಸಂಕೇತ, ಕೆಲವು ಕಡೆ ಎತ್ವ ಮತ್ತು ಊಕಾರದ ಕೊಂಬು ಅಂತ ಎರಡು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ ಬೇರೆ. ಎಲ್ಲ ಕಡತವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಎರಡನ್ನು ಒಂದೇ ಸಂಕೇತ ಮಾಡುವ ಯೂನಿಕೋಡ್ ರೂಪಕ್ಕೆ, ತಂದ ಮೇಲೆ ಸರಿಹೋಯಿತು. ‘ಸೂಪರ್‌ಫಾಸ್ಫೇಟ್’ನಲ್ಲಿ ರ್ ಆದ ಮೇಲೆ ಕಾಣದ ಒಂದು ಬಿಡಿಸುವ ಚಿಹ್ನೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಹುಡುಕುವಾಗ ಮಾತ್ರ ಅದನ್ನು ತೆಗೆದೆ, ಮೂಲದಲ್ಲಿ ಮುಟ್ಟಲಿಲ್ಲ. ಅಂಕಿಗಳ ವಿಷಯದಲ್ಲಿ ಪೈಥಾನ್ ಒಳ್ಳೆಯದು. ಬ್ಯಾಕ್‌ಸ್ಲ್ಯಾಶ್ ಡಿ ಹಾಕಿದರೆ ‘ಜಿಪಿಯು-28’ ಎಂಬ ರಾಗಿ ತಳಿಯ ಹೆಸರು ಕೂಡ ಸಿಗುತ್ತದೆ, ‘ಜಿಪಿಯು-೨೮’ ಕೂಡ. ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಅಂಕಿ ಸಿಗುವುದಿಲ್ಲ.

ಸಂಜೆ ಕೊಂಡಿಗಳು. ದೊಡ್ಡಪ್ಪ ಕನ್ನಡ ವಿಕಿಪೀಡಿಯಕ್ಕೆ ಕೊಟ್ಟ ಕೊಂಡಿಗಳನ್ನು ಬೇರೆ ಮಾಡಬೇಕಿತ್ತು. ಕೊಂಡಿಯಲ್ಲಿ ‘ರಾಗಿ’ ಅಂತ ಹುಡುಕಿದರೆ ಏನೂ ಸಿಗಲಿಲ್ಲ. ಯಾಕೆಂದರೆ ಒಂದೊಂದು ಕನ್ನಡ ಸಂಕೇತಕ್ಕೂ ಯೂನಿಕೋಡನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಎಂಬ ವಿಧಾನದಲ್ಲಿ 3 ಬೈಟ್, ಒಂದೊಂದು ಬೈಟ್‌ಗೆ ಶೇಕಡಾ ಗುರುತು ಸೇರಿ 3 ಚಿಹ್ನೆ. ನಾಲ್ಕು ಸಂಕೇತದ ‘ರಾಗಿ’ ಅಲ್ಲಿ 36 ಚಿಹ್ನೆಯ ಸಾಲು. ಮೊದಲು ಅದನ್ನು ಬಿಡಿಸಿಕೊಳ್ಳಬೇಕು.

ಕೊಂಡಿಯ ಒಳಗೆ ವಿಕಿಪೀಡಿಯದ ವಿಳಾಸ ಇದೆಯಾ ಅಂತ ನೋಡುವುದೂ ಸಾಲದು. ಬೇರೆ ತಾಣದ ಕೊಂಡಿಯ ಬಾಲದಲ್ಲಿ ಆ ವಿಳಾಸ ಅಂಟಿಕೊಂಡಿರಬಹುದು. ಕೊಂಡಿಯನ್ನು ಭಾಗ ಮಾಡಿ, ತಾಣದ ಹೆಸರನ್ನು ಮಾತ್ರ ಎತ್ತಿ, ಅದು ಸರಿಸಮ ಇದೆಯಾ ಅಂತ ನೋಡಿದೆ. ಇದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಬೇಡ. ಪೈಥಾನ್‌ನಲ್ಲೇ ಅದಕ್ಕೆ ಸಲಕರಣೆ ಇದೆ.

ಜಾಸ್ತಿ ಹೊತ್ತು ಹಿಡಿದಿದ್ದು ವಿಭಕ್ತಿ. ನಾವು ಕೊಂಡಿಗೇ ‘ನಲ್ಲಿ’, ‘ಗೆ’ ಅಂಟಿಸಿ ಬರೆಯುತ್ತೇವೆ, ಅಲ್ವಾ? ಶೇಕಡಾ ಗುರುತಿನ ಕೊಂಡಿಯಾದರೆ ಮೊದಲ ಕನ್ನಡ ಅಕ್ಷರ ಬಂದ ಕಡೆ ಕತ್ತರಿಸಬಹುದು. ಆದರೆ ಕೊಂಡಿಯಲ್ಲೇ ಕನ್ನಡ ಇದ್ದು, ‘ರಾಗಿಯಲ್ಲಿ’ ಅಂತ ಮುಗಿದರೆ? ಪುಟದ ಹೆಸರು ಎಲ್ಲಿಗೆ ಮುಗಿಯಿತು ಅಂತ ವಾಕ್ಯ ಓದಿದವರಿಗೇ ಗೊತ್ತು. ಅಂಥವು ಒಂಬತ್ತು ಇದ್ದವು. ಒಂದೊಂದಾಗಿ ಓದಿ ಸರಿಮಾಡಿದೆ.

ಮುಂದಿನದು ಅವರೆ. ‘ಬಂದವರೆಲ್ಲ’ದಲ್ಲಿ ಬಿಡಿ ‘ಅ’ ಇಲ್ಲ, ಹಾಗಾಗಿ ಅದು ಸಿಗುವುದೇ ಇಲ್ಲ. ‘ಅವರೆಲ್ಲ’ ಸಿಗುತ್ತದೆ, ಅದನ್ನು ತೆಗೆಯಬಹುದು. ಆದರೆ ‘ಅವರೆ ಹೇಳಿದರು’ ಅಂತ ದೊಡ್ಡಪ್ಪ ಎಷ್ಟೋ ಕಡೆ ಬರೆದಿದ್ದಾರೆ. ಆ ಸಾಲುಗಳನ್ನೆಲ್ಲ ಪ್ರಿಂಟ್ ತೆಗೆದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಟಿದ್ದೇನೆ, ಜಗಲಿಯ ಮೇಲೆ ಅವರ ಜೊತೆ ಕೂತು ಓದುತ್ತೇವೆ.