ಕಣ್ಣು ಇನ್ನಾ ಬ್ಯಾಳ್ಯಾಗ ಬಂದಿಲ್ಲ

"ತಡಿ ಯವ್ವಾ, ಕಣ್ಣು ಇನ್ನಾ ಬ್ಯಾಳ್ಯಾಗ ಬಂದಿಲ್ಲ." ಭಾನುವಾರ ಅವ್ವ ಹೇಳಿದ ಮಾತು. ಇವತ್ತು ಗುರುವಾರ, ಇನ್ನೂ ತಲೆಯಿಂದ ಇಳಿದಿಲ್ಲ.

ಆಳಂದದಿಂದ ನಮ್ಮ ಕಲಬುರಗಿ ಮನೆಗೆ ತೊಗರಿ ಬೇಳೆ ಬಂದಿತ್ತು. ಅವ್ವ ಪರಾತದಲ್ಲಿ ಹರವಿಕೊಂಡು ಹಸನು ಮಾಡುತ್ತಿದ್ದಳು. ಪುಣೆಯಿಂದ ಬಂದ ಅಣ್ಣ ಮೊಬೈಲ್‌ನಲ್ಲಿ ಹೊಸ ಮನೆಯ ಫೋಟೊ ತೋರಿಸುತ್ತಿದ್ದ. ನಾನು ಲಗ್ನಪತ್ರಿಕೆ ಹಿಡಿದು, ಹೆಸರೆಲ್ಲ ಸರಿ ಇದೆಯಾ ನೋಡು ಅನ್ನುತ್ತಿದ್ದೆ. ಅವ್ವ ತಲೆ ಎತ್ತಿ ನೋಡುವಳು, ಮತ್ತೆ ಪರಾತಕ್ಕೆ ಬಗ್ಗುವಳು. ಬಗ್ಗಿದ ಕೂಡಲೇ ಕೈ ಆಡುತ್ತಿರಲಿಲ್ಲ. ಸುಮ್ನೆ ನೋಡುತ್ತಾ ಕೂರುವಳು. "ಲಗೂ ಮುಗಿಸ್ ಬೇ, ಕುಕ್ಕರ್ ಇಡಬೇಕು" ಎಂದೆ. ಆಗ ಬಂದದ್ದು ಆ ಮಾತು.

ಊಟಕ್ಕೆ ಕೂತಾಗ ಅಣ್ಣನ ಹಲ್ಲಿಗೆ ಕಲ್ಲು ಸಿಕ್ಕಿತು. "ಅವ್ವನ ಕಣ್ಣು ಮಂದ ಆಗ್ಯಾವ, ಡಾಕ್ಟರಿಗೆ ತೋರಿಸು" ಎಂದ. ಅಣ್ಣ ಒಳ್ಳೆಯವನು. ಆದರೆ ಅವ್ವನ ವಿಷಯದಲ್ಲಿ ಏನಾದರೂ ವಯಸ್ಸಿನ ಮೇಲೆ ಹಾಕುವ ಅವಸರ ಅವನಿಗೆ ಜಾಸ್ತಿ. ಪೊರೆ ತೆಗೆಸಿ ಎರಡು ವರ್ಷವಾಯಿತು. ಸೂಜಿಗೆ ದಾರ ಈಗಲೂ ಅವಳೇ ಪೋಣಿಸುತ್ತಾಳೆ.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಅವ್ವನ ಮಾತು ನನ್ನದೇ ಪಾಠ. ನೋಡುವಾಗ ಕಣ್ಣು ಜಿಗಿಯುತ್ತಾ ಹೋಗುತ್ತದೆ, ಸೆಕೆಂಡಿಗೆ 3-4 ಸಲ. ಹೊಸದೊಂದು ಕಂಡರೆ ಅತ್ತ ಜಿಗಿಯುವ ತಯಾರಿಗೆ ಮಿದುಳಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಎಲ್ಲಿಗೆ ಜಿಗಿಯಬೇಕು ಅನ್ನುವುದು ಹಿಡಿದ ಕೆಲಸದ ಮೇಲಿದೆ. ಕಣ್ಣಿನ ಚಲನೆ ಅಧ್ಯಯನ ಮಾಡಿದ ರಷ್ಯಾದ ವಿಜ್ಞಾನಿ ಯಾರ್ಬಸ್ ಒಂದೇ ಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದ್ದರು. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖಗಳ ಮೇಲೆ ಓಡಾಡಿತು. ಬಟ್ಟೆ ನೆನಪಿಟ್ಟುಕೊಳ್ಳಿ ಎಂದಾಗ ದಾರಿಯೇ ಬೇರೆಯಾಯಿತು.

1978ರಲ್ಲಿ ಹ್ಯಾಲೆಟ್ ಎಂಬ ಸಂಶೋಧಕ ಮಾಡಿದ ಪ್ರಯೋಗ ಇನ್ನೂ ಕಷ್ಟದ್ದು. ಚುಕ್ಕೆ ಬಲಕ್ಕೆ ಬೆಳಗಿದರೆ ಎಡಕ್ಕೆ ನೋಡಬೇಕು. ಕಣ್ಣು ತಡ ಮಾಡುತ್ತದೆ, ಎಷ್ಟೋ ಸಲ ತಪ್ಪಿ ಚುಕ್ಕೆಯ ಕಡೆಗೇ ಹೋಗುತ್ತದೆ. ಚುಕ್ಕೆ ನೋಡುವುದು, ಅದರ ಎದುರು ದಿಕ್ಕಿಗೆ ನೋಡುವುದು, ಎರಡನ್ನೂ ಬೆರೆಸಿ ಕೊಟ್ಟರೆ ಸುಲಭದ ಕೆಲಸವೂ ನಿಧಾನವಾಗುತ್ತದೆ. ಹಿಂದಿನ ಕೆಲಸ ಇನ್ನೂ ಬಿಟ್ಟು ಹೋಗಿರುವುದಿಲ್ಲ, ಅಲ್ವಾ. ಅಲ್ಲಿ ಎಲ್ಲ ಮಿಲಿಸೆಕೆಂಡಿನ ಲೆಕ್ಕ. ಅವ್ವನ ತಡ ಅದಕ್ಕಿಂತ ದೊಡ್ಡದು. ಫೋಟೊದಿಂದ ಅಕ್ಷರಕ್ಕೆ, ಅಕ್ಷರದಿಂದ ಬೇಳೆಯದೇ ಬಣ್ಣದ ಕಲ್ಲಿಗೆ ಅವಳು ಬರಬೇಕಿತ್ತು. ಆ ದಾರಿಯಲ್ಲಿ ನಾವಿಬ್ಬರೂ ಅವಳನ್ನು ಹತ್ತು ಸಲ ಓಡಾಡಿಸಿದ್ದೆವು.

ಅಣ್ಣ ಲ್ಯಾಪ್‌ಟಾಪ್ ತೆಗೆದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಬಾಗಿಲು ಕೂಡ ಮೆಲ್ಲಗೆ ಹಾಕುತ್ತೇವೆ. ಪರಾತದ ಮುಂದೆ ಕೂತವಳನ್ನು ಮಾತ್ರ ಯಾರು ಬೇಕಾದರೂ, ಯಾವಾಗ ಬೇಕಾದರೂ ಕರೆಯಬಹುದು. ಅದೂ ಕಣ್ಣಿಟ್ಟು ಮಾಡುವ ಕೆಲಸ ಅಂತ ನಮಗ್ಯಾರಿಗೂ ಅನ್ನಿಸಿಲ್ಲ. ನನಗಂತೂ ಅನ್ನಿಸಬೇಕಿತ್ತು.

ಇವತ್ತು ಉಳಿದ ಬೇಳೆಗೆ ಅವ್ವ ಮತ್ತೆ ಕೂತಳು. ಫೋನ್ ಬಂತು, ಅಣ್ಣನದು. ಅವ್ವ ತಲೆ ಎತ್ತಿದಳು. ನಾನು ಅದನ್ನೆತ್ತಿಕೊಂಡು ಅಂಗಳಕ್ಕೆ ಹೋದೆ. ತಿರುಗಿ ಬಂದಾಗ ಅವಳು ಪರಾತಕ್ಕೆ ಬಗ್ಗಿ ಕೂತಿದ್ದಳು, ಕೈ ನಿಂತಿತ್ತು. ನಾನೂ ಮಾತಾಡದೆ ಎದುರಿಗೆ ಕೂತೆ.

"ಹ್ಞಾಂ, ಈಗ ಬಂತು ನೋಡು" ಎಂದಳು. ಬೆರಳು ಆಡತೊಡಗಿದವು.