ಐದನೇ ಕಿರುಪುಸ್ತಕ ಕೊನೆಯ ಸಾಲಲ್ಲಿ ಸಿಕ್ಕಿಬಿದ್ದ ಕತೆ

ಪದ ಸಿಕ್ಕಿತು. ಮೇಜಿನ ಮುಂದೆ ಕೂತಾಗ ಅಲ್ಲ. ಕಾಪು ಹತ್ತಿರ ಸಂಬಂಧಿಕರ ಮನೆಯಲ್ಲಿ ದೈವಾರಾಧನೆಯ ನೇಮದಲ್ಲಿ, ರಾತ್ರಿ ಒಂದೂವರೆಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ. ಇಂಗ್ಲಿಷ್ ಕವಿತೆಯೊಂದನ್ನು ಕನ್ನಡಕ್ಕೆ ತರುವಾಗ ಮೂರು ವಾರ ತಲೆ ತಿಂದ ಪದ ಅದು. ಈಗ ನೋಡಿದರೆ ಊರಿನ ಮಕ್ಕಳಿಗೂ ಗೊತ್ತಿರುವ ಪದ. ಇರಲಿ, ಕ್ರಮವಾಗಿ ಹೇಳುತ್ತೇನೆ.

ಹಿಂದಿನ ನಾಲ್ಕು ಕಿರುಪುಸ್ತಕ ನೋಡಿದವರಿಗೆ ನಮ್ಮ ಪದ್ಧತಿ ಗೊತ್ತು. ಒಂದು ಕವಿತೆ, ಹದಿನಾರು ಪುಟ. ಎಡಕ್ಕೆ ನನ್ನ ಕನ್ನಡ, ಬಲಕ್ಕೆ ಸಾಲು ಸಾಲಾಗಿ ಅರ್ಥ ಬಿಡಿಸಿದ ಟಿಪ್ಪಣಿ. ಕೈಹೊಲಿಗೆ, ಮೂವತ್ತು ಪ್ರತಿ. ಈ ವರ್ಷದ ಸರಣಿ ಮನೆ, ಅಪ್ಪ ಅಮ್ಮ, ಕಷ್ಟದ ಬಾಲ್ಯ. ಕರಡು, ನಿಘಂಟು, ಸಾಲು ಹೊಂದಿಸುವುದು ಎಲ್ಲ ಎಂದಿನ ಹಾಗೇ ಆಯಿತು. ಅದನ್ನು ಮತ್ತೆ ಬರೆದು ನಿಮಗೆ ಬೋರ್ ಹೊಡೆಸಲ್ಲ.

ಈ ಸಲದ್ದು ಅಮೆರಿಕದ ಕವಿ ರಾಬರ್ಟ್ ಹೇಡನ್ ಅವರ 'ದೋಸ್ ವಿಂಟರ್ ಸಂಡೇಸ್'. 1962ರ ಸಂಕಲನದಲ್ಲಿ ಬಂದದ್ದು. ಬರೀ 14 ಸಾಲು. ಐದು, ನಾಲ್ಕು, ಐದು. ಅಪ್ಪ ಭಾನುವಾರವೂ ಬೇಗ ಎದ್ದು, ವಾರವಿಡೀ ದುಡಿದು ಒಡೆದ ಕೈಯಲ್ಲೇ ಬೆಂಕಿ ಮಾಡುತ್ತಾನೆ. ಮನೆ ಬೆಚ್ಚಗಾದ ಮೇಲೆ ಮಗನನ್ನು ಕರೆಯುತ್ತಾನೆ. ಮಗ ನಿಧಾನ ಎದ್ದು, ಆ ಮನೆಯ ಸಿಟ್ಟಿಗೆ ಹೆದರುತ್ತಾ, ಅಪ್ಪನ ಹತ್ತಿರ ಒಲ್ಲದ ಮನಸ್ಸಿನಿಂದ ಎರಡು ಮಾತಾಡುತ್ತಾನೆ. ಅಪ್ಪ ಅವನ ಒಳ್ಳೆಯ ಶೂಗೆ ಪಾಲಿಶ್ ಕೂಡ ಮಾಡಿಟ್ಟಿರುತ್ತಾನೆ. ಇಷ್ಟೇ. ಆಮೇಲೆ ದೊಡ್ಡವನಾದ ಮಗ ನನಗೇನು ಗೊತ್ತಿತ್ತು ಎಂದು ಎರಡು ಸಲ ಕೇಳಿಕೊಳ್ಳುತ್ತಾನೆ.

ಮೊದಲ ಪದದಲ್ಲೇ ಕನ್ನಡಕ್ಕೆ ಲಾಟರಿ. ಇಂಗ್ಲಿಷಿನಲ್ಲಿ 'ಟೂ' ಎಂದು ಬೇರೆ ಪದ ಬೇಕು. ನಮಗೆ ಒಂದು 'ಊ' ಸಾಕು. 'ಭಾನುವಾರವೂ' ಅಂದ ಕೂಡಲೇ ಉಳಿದ ಆರು ದಿನ ತಾವಾಗಿಯೇ ಬಂದು ಕೂತುಕೊಳ್ಳುತ್ತವೆ. ಆ ದಿನ ಖುಷಿಯಲ್ಲಿ ಒಂದು ಗಡ್‌ಬಡ್ ಐಸ್‌ಕ್ರೀಂ ತಿಂದೆ. ಸ್ವಲ್ಪ ಬೇಗ ತಿಂದೆ ಅನಿಸುತ್ತದೆ.

ಬೆಂಕಿಯ ಸಾಲೂ ಸುಲಭವಾಯಿತು. ರಾತ್ರಿ ಬೂದಿ ಮುಚ್ಚಿ ಇಟ್ಟ ಕೆಂಡವನ್ನು ಬೆಳಿಗ್ಗೆ ಕೆದಕಿ ಉರಿಸುವುದು ನಮಗೆ ಹೊಸದೇ? ಬಚ್ಚಲೊಲೆಗೆ ತೆಂಗಿನ ಸಿಪ್ಪೆ ತುರುಕಿ ಬೆಳೆದವರು ನಾವು. ಆದರೆ ಕರಡು ಓದಿದ ಗೆಳೆಯ ನಕ್ಕ. 'ಬೂದಿ ಮುಚ್ಚಿದ ಕೆಂಡ ಅಂದರೆ ಪೇಪರಿನ ಹೆಡ್ಡಿಂಗ್ ಅಲ್ವಾ ಮಾರಾಯಾ? ಮಂಗಳೂರಿನಲ್ಲಿ ಏನಾದರೂ ಗಲಾಟೆ ಆದರೆ ಪರಿಸ್ಥಿತಿ ಹಾಗೇ ಇರುತ್ತದೆ!' ಅವನು ಹೇಳಿದ್ದು ಸರಿ. ತೆಗೆದುಹಾಕಲು ಹೊರಟೆ. ಆಮೇಲೆ ಹೊಳೆಯಿತು, ಇದು ತೊಂದರೆ ಅಲ್ಲ, ಲಾಭ. ಕೆಲವು ಸಾಲು ಕೆಳಗೆ ಮನೆಯ ಮಾಸದೇ ಉಳಿದ ಸಿಟ್ಟು ಬರುತ್ತದೆ. ಕನ್ನಡದಲ್ಲಿ ಆ ಸಿಟ್ಟು ಒಲೆಯೊಳಗೇ ಮೊದಲು ಕಾಣಿಸಿಕೊಳ್ಳುತ್ತದೆ. ಹಾಗೇ ಬಿಟ್ಟೆ.

ಸಿಟ್ಟಿನ ಬಗ್ಗೆ ಒಂದು ಮಾತು. ಮೂಲದಲ್ಲಿ ಸಿಟ್ಟು ಅಪ್ಪನದ್ದಲ್ಲ, ಮನೆಯದ್ದು. ನಾನು ನೋಡಿದ ಒಂದು ಗೈಡಿನಲ್ಲಿ 'ತಂದೆಯ ಕೋಪಕ್ಕೆ ಹೆದರಿದ ಮಗ' ಎಂದಿತ್ತು. ಅರ್ಧ ಕವಿತೆ ಅಲ್ಲೇ ಸತ್ತಿತು. ಯಾರು ಯಾರಿಗೆ ಬೈಯುತ್ತಿದ್ದರು ಎಂದು ಕವಿ ಹೇಳಿಲ್ಲ. ಗೋಡೆಗಳೇ ಸಿಟ್ಟಿನಲ್ಲಿವೆ. ಹೇಡನ್ 1913ರಲ್ಲಿ ಡೆಟ್ರಾಯಿಟಿನಲ್ಲಿ ಹುಟ್ಟಿದವರು. ಹೆತ್ತವರಿಂದ ಬೇರೆಯಾಗಿ, ಸಾಕಿದ ಅಪ್ಪ ಅಮ್ಮನ ಹತ್ತಿರ ಬೆಳೆದರು. ಹೇಡನ್ ಎಂಬ ಹೆಸರೂ ಸಾಕಿದವರದ್ದೇ. ಇದನ್ನು ಟಿಪ್ಪಣಿಯ ಮೊದಲ ಪುಟದಲ್ಲಿ ಹಾಕಬೇಕೋ ಬೇಡವೋ ಎಂದು ನನ್ನೊಳಗೇ ಜಗಳ. ಕೊನೆಯ ಪುಟಕ್ಕೆ ತಳ್ಳಿದೆ. ಮೊದಲೇ ಹೇಳಿದರೆ ಓದುವವರು 'ಅಯ್ಯೋ ಪಾಪ' ಕನ್ನಡಕ ಹಾಕಿಕೊಂಡೇ ಓದುತ್ತಾರೆ.

ಚಳಿಯ ಬಗ್ಗೆ ಹಲವರು ಸಲಹೆ ಕೊಟ್ಟರು. 'ನಮ್ಮಲ್ಲಿ ಚಳಿ ಎಲ್ಲಿದೆ, ಆಟಿಯ ಮಳೆ ಮಾಡಿ' ಎಂದು. ಬೇಡ. ಡೆಟ್ರಾಯಿಟಿನ ಚಳಿ ಡೆಟ್ರಾಯಿಟಿನಲ್ಲೇ ಇರಲಿ. ಡಿಸೆಂಬರಿನಲ್ಲಿ ಬೆಳಗಿನ ಬಸ್ಸಿಗೆ ಮಫ್ಲರ್ ಸುತ್ತಿ ಬರುವ ನಮಗೆ ಅಷ್ಟು ಊಹಿಸಲಿಕ್ಕೆ ಆಗುತ್ತದೆ.

ಮೊದಲ ಗುದ್ದು ಬಿದ್ದದ್ದು ಐದನೇ ಸಾಲಿನಲ್ಲಿ. ಅಪ್ಪನಿಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ ಎಂಬ ಮಾತು ಅದು. 'ಯಾರೂ ಅವನಿಗೆ ಧನ್ಯವಾದ ಹೇಳಲಿಲ್ಲ' ಎಂದು ಬರೆದು ಜೋರಾಗಿ ಓದಿದೆ. ಸಂಘದ ವಾರ್ಷಿಕೋತ್ಸವದ ವಂದನಾರ್ಪಣೆ ಕೇಳಿದ ಹಾಗಾಯಿತು. ಮೈಕ್ ಕೊಟ್ಟಿಲ್ಲ ಎಂದು ಅಪ್ಪನೇ ಮುನಿಸಿಕೊಂಡಂತೆ! ನಮ್ಮ ಮನೆಗಳಲ್ಲಿ ಅಪ್ಪನಿಗೆ ಯಾರು ಧನ್ಯವಾದ ಹೇಳುತ್ತಾರೆ? ಹೇಳಿದರೆ ಏನೋ ಹುಷಾರಿಲ್ಲ ಎಂದುಕೊಳ್ಳುತ್ತಾರೆ. ಮೂಲದಲ್ಲಿ ಆ ಮಾತು ಚುಚ್ಚುತ್ತದೆ, ಯಾಕೆಂದರೆ ಅಲ್ಲಿ ಹೇಳಬಹುದಿತ್ತು. ಇಲ್ಲಿ ಹೇಳದೇ ಇರುವುದೇ ರೂಢಿ. ಆ ಚುಚ್ಚು ಎಲ್ಲಿಂದ ತರುವುದು? ನಾಲ್ಕು ದಿನ ಆದ ಮೇಲೆ 'ಒಂದು ಒಳ್ಳೆ ಮಾತು ಯಾರ ಬಾಯಲ್ಲೂ ಬರಲಿಲ್ಲ' ಎಂದು ಇಟ್ಟೆ. ಪೂರ್ತಿ ತೃಪ್ತಿ ಇಲ್ಲ.

ಈಗ ನಿಜವಾದ ಗಂಟು. ಕೊನೆಯ ಸಾಲಿನ ಕೊನೆಯ ಪದ, 'ಆಫೀಸಸ್'. ಪ್ರೀತಿಯ ಆಫೀಸುಗಳು. ಮೊದಲ ಓದಿಗೆ ನನ್ನ ತಲೆಯಲ್ಲಿ ಬಂದದ್ದು ತಾಲೂಕು ಕಚೇರಿ. ಟೋಕನ್, ಕಿಟಕಿ, 'ಊಟದ ಸಮಯ' ಬೋರ್ಡು.

ನಿಘಂಟು ನೋಡಿದೆ. ಹುದ್ದೆ, ಕರ್ತವ್ಯ, ಧಾರ್ಮಿಕ ವಿಧಿ. ಮೂರೂ ಒಂದೇ ಪದದಲ್ಲಿ ಬೇಕು. ಪಕ್ಕದ ಮನೆಯ ಟೀಚರ್ ಹತ್ತಿರ ಕೇಳಿದೆ. ನಿವೃತ್ತರಾದ ಮೇಲೆ ಚರ್ಚಿನ ಗಾಯನ ಬಳಗ ನೋಡಿಕೊಳ್ಳುತ್ತಾರೆ. ಅವರಿಗೆ ಆಶ್ಚರ್ಯ.

'ಇದರಲ್ಲಿ ಏನು ಕಷ್ಟ? ಆಫೀಸ್ ಅಂದರೆ ಪಾದ್ರಿಗಳು, ಸಿಸ್ಟರುಗಳು ದಿನಾ ಗೊತ್ತಾದ ಹೊತ್ತಿಗೆ ಹೇಳುವ ಪ್ರಾರ್ಥನೆ. ಬೆಳಿಗ್ಗೆ ಬೇರೆ, ಸಂಜೆ ಬೇರೆ.'

'ಮನಸ್ಸು ಬಾರದಿದ್ದರೆ?'

'ಮನಸ್ಸು ಬಂದರೆ ಮಾತ್ರ ಮಾಡುವುದಕ್ಕೆ ಅದು ಆಫೀಸ್ ಯಾಕಾಗುತ್ತದೆ?'

ಮನೆಗೆ ಬಂದು ಬರೆದುಕೊಂಡೆ. ಅರ್ಥ ಸಿಕ್ಕಿತು. ಭಾನುವಾರ ಚರ್ಚಿನ ದಿನ, ಒಳ್ಳೆಯ ಶೂ ಇರುವುದೂ ಅದಕ್ಕೇ ಇರಬೇಕು. ಅಪ್ಪನ ಪ್ರಾರ್ಥನೆ ಮಾತ್ರ ಒಲೆಯ ಮುಂದೆಯೇ ಮುಗಿದಿದೆ. ಅರ್ಥ ಬಂತು, ಕನ್ನಡ ಬರಲಿಲ್ಲ. ಮುಂದಿನ ಹದಿನೈದು ದಿನ ಹೀಗೆ ಹೋಯಿತು:

'ಕರ್ತವ್ಯ' ಇಟ್ಟೆ. ಪೊಲೀಸ್ ಠಾಣೆಯ ಬೋರ್ಡು. 'ಸೇವೆ' ಇಟ್ಟೆ. ಮೊದಲು ಚೆನ್ನಾಗಿ ಕಂಡಿತು. ಆಮೇಲೆ ದೇವಸ್ಥಾನದ ಕೌಂಟರಿನ ದರಪಟ್ಟಿ ಕಣ್ಣ ಮುಂದೆ ಬಂತು. 'ಕಾಯಕ' ದೊಡ್ಡ ಪದ. ಆದರೆ ಅದಕ್ಕೆ ಗೌರವ ಮೊದಲೇ ಸಿಕ್ಕಿಬಿಟ್ಟಿದೆ, ಈ ಅಪ್ಪನಿಗೆ ಸಿಕ್ಕಿಲ್ಲ. 'ಅನುಷ್ಠಾನ' ಸರಕಾರಿ ಯೋಜನೆಗಳ ಪಾಲಾಗಿದೆ. 'ವ್ರತ' ಬೇಕೆಂದೇ ಹಿಡಿಯುವುದು, ಉದ್ಯಾಪನೆ ಮಾಡಿ ಮುಗಿಸುವುದು. ಈ ಅಪ್ಪನಿಗೆ ಉದ್ಯಾಪನೆ ಎಲ್ಲಿ? 'ನಿತ್ಯಕರ್ಮ' ಬರೆದು ಹೆಂಡತಿಗೆ ತೋರಿಸಿದೆ. 'ಪ್ರೀತಿಯ ನಿತ್ಯಕರ್ಮ' ಓದಿ ಅವಳು ನಕ್ಕ ರೀತಿಗೆ ಆ ಹಾಳೆಯನ್ನು ಅಲ್ಲೇ ಹರಿದೆ.

ಉಡುಪಿ ಕೃಷ್ಣ ಮಠದ ದಾರಿಯೂ ಹಿಡಿದೆ. ಅಲ್ಲಿ ದಿನಕ್ಕೆ 14 ಪೂಜೆ. ಕವಿತೆಯಲ್ಲೂ 14 ಸಾಲು! ರಾತ್ರಿ ಹನ್ನೊಂದು ಗಂಟೆಗೆ ಇಂಥ ಲೆಕ್ಕ ಸಿಕ್ಕಿದರೆ ಮನುಷ್ಯ ಹಾಳಾಗುತ್ತಾನೆ. ಎರಡು ದಿನ ಅದರ ಮೇಲೆ ಟಿಪ್ಪಣಿ ಬರೆದೆ. ಬೆಳಗಿನ ಬೆಳಕಲ್ಲಿ ಓದಿದರೆ ಪೂರ್ತಿ ಕಸ. 14 ಸಾಲು ಅಂದರೆ ಸುನೀತದ (ಸಾನೆಟ್ಟಿನ) ನೆರಳು, ಅಷ್ಟೇ.

ಆಮೇಲೆ ಆ ನೇಮ. ದೈವ ಕಾಲಿಗೆ ಗಗ್ಗರ ಕಟ್ಟಿ ಎದ್ದಾಗಿತ್ತು. ಎಲ್ಲರ ಕಣ್ಣೂ ಅಲ್ಲೇ. ಪಕ್ಕದಲ್ಲಿ ದೀವಟಿಗೆ ಹಿಡಿದ ಅಜ್ಜ ಒಬ್ಬರು. ಬಿಳಿ ಮುಂಡು, ಹೆಗಲಲ್ಲಿ ಬೈರಾಸು, ಎಡಗೈಯಲ್ಲಿ ಎಣ್ಣೆಯ ಗಿಂಡಿ. ದೈವ ಎತ್ತ ತಿರುಗಿದರೂ ಬೆಳಕು ಅತ್ತ. ಬತ್ತಿ ಕಂದಿದರೆ ಎಣ್ಣೆ. ಕಿಡಿ ಮುಂಗೈಗೆ ಬಿದ್ದರೆ ಬೈರಾಸಿನ ತುದಿಯಿಂದ ಒರೆಸಿಕೊಂಡರು, ಕಣ್ಣು ಬತ್ತಿಯ ಮೇಲೇ ಇತ್ತು. ಮೊಬೈಲ್ ಹಿಡಿದ ಹುಡುಗನೊಬ್ಬ ಫೋಟೋಕ್ಕೆ ಅಡ್ಡ ಬರುತ್ತಾರೆ ಎಂದು ಗೊಣಗಿದ. ನಾನು ಸುಮ್ನೆ ಮಾವನ ಹತ್ತಿರ 'ಅವರು ಯಾರು?' ಎಂದೆ.

'ಅವರಾ? ಅವರದ್ದು ಇಲ್ಲಿ ಚಾಕ್ರಿ. ನಾನು ಸಣ್ಣವನಿದ್ದಾಗಿನಿಂದ ಅವರೇ.'

ಚಾಕರಿ! ನಿದ್ದೆ ಹಾರಿತು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೈವದ ಚಾಕ್ರಿ, ದೇವಸ್ಥಾನದ ಚಾಕರಿ. ಅದು ಕೆಲಸವೂ ಹೌದು, ವಿಧಿಯೂ ಹೌದು, ಹೊತ್ತಿಗೆ ಸರಿಯಾಗಿ ಆಗಲೇಬೇಕಾದದ್ದೂ ಹೌದು. ಅದೇ ಪದ ಅಡುಗೆಮನೆಗೆ ಹೋದರೆ 'ನಿಮ್ಮ ಚಾಕರಿ ಮಾಡಿ ಮಾಡಿ ನನ್ನ ಸೊಂಟ ಬಿತ್ತು' ಆಗುತ್ತದೆ. ಅಂದರೆ ಆ ಮನೆಯ ಗೊಣಗಾಟವೂ ಪದದೊಳಗೇ ಇದೆ. ಗಂಧದ ವಾಸನೆ ಬೇಕಾದಷ್ಟೇ ಇದೆ, ಬೆವರು ಜಾಸ್ತಿ.

ಮೈಸೂರಿನ ಗೆಳತಿಗೆ ಬೆಳಿಗ್ಗೆಯೇ ಕಳಿಸಿದೆ. ಅವಳಿಗೆ ಇಷ್ಟವಾಗಲಿಲ್ಲ. 'ನಮ್ಮ ಕಿವಿಗೆ ಚಾಕರಿ ಅಂದರೆ ಜೀತವೇ. ದೇವರು ಕಾಣಲ್ಲ' ಎಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಬಲಪುಟದಲ್ಲಿ ದೀವಟಿಗೆಯ ಅಜ್ಜನನ್ನು ಐದು ಸಾಲಲ್ಲಿ ತಂದಿದ್ದೇನೆ. ಘಟ್ಟದ ಮೇಲಿನವರು ಅಲ್ಲಿಂದ ಒಳಗೆ ಬರಲಿ. ಪದ ಬದಲಾಯಿಸಲ್ಲ.

ಅದೇ ಸಾಲಿನಲ್ಲಿ 'ಆಫೀಸಸ್'ಗೆ ಮುಂಚೆ ಬರುವ 'ಆಸ್ಟಿಯರ್' (ಬಿಗಿಯಾದ, ಆಡಂಬರವಿಲ್ಲದ) ಇನ್ನೂ ಬಾಕಿ. 'ಕಟ್ಟುನಿಟ್ಟಾದ' ಅಂದರೆ ಹೆಡ್‌ಮಾಸ್ಟರು. 'ಬೋಳು ಚಾಕರಿ' ಅಂದರೆ ಕ್ಷೌರದ ಅಂಗಡಿ. ಸದ್ಯಕ್ಕೆ 'ಒಣ' ಇದೆ, ಪೆನ್ಸಿಲಿನಲ್ಲಿ. ಯಾರಿಗಾದರೂ ಹೊಳೆದರೆ ಹೇಳಿ, ಒಂದು ಪ್ರತಿ ಉಚಿತ.

ಈಗ ಕಾಗದದ ಗೋಳು. 100 ಜಿಎಸ್‌ಎಂ ನ್ಯಾಚುರಲ್ ಶೇಡ್ ಕೇಳಿದ್ದೆ, ಕಾಗದದ ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ ಇರಲಿ ಎಂದು ಎರಡು ಸಲ ಹೇಳಿದ್ದೆ. ಬಂದದ್ದು ಅಡ್ಡ ನಾರು. ಮಡಚಿದರೆ ಬೆನ್ನಲ್ಲಿ ಒಡೆಯುತ್ತದೆ, ಪುಸ್ತಕ ಹಪ್ಪಳದ ಹಾಗೆ ಬಾಯಿ ಬಿಡುತ್ತದೆ. ಅಂಗಡಿಯವರು 'ಕಾಗದಕ್ಕೆ ನಾರು ಎಂಥದ್ದು ಸರ್, ಅದೇನು ಬಾಳೆದಿಂಡಾ?' ಎಂದು ನನ್ನನ್ನೇ ಕೇಳಿದರು. ಅಂಚೆಯಲ್ಲಿ ತರಿಸಿದ ಹಳೆಯ ಸಂಕಲನದ ಕತೆ ಇನ್ನೂ ಚಂದ. 'ಉತ್ತಮ ಸ್ಥಿತಿ' ಎಂದಿತ್ತು. ನನಗೆ ಬೇಕಾದ ಪುಟದಲ್ಲಿ ಯಾರೋ ಕೆಂಪು ಪೆನ್ನಿನಲ್ಲಿ '5 ಅಂಕ, ಬರುತ್ತದೆ' ಎಂದು ಬರೆದಿದ್ದಾರೆ. ಮೈದಾ ಅಂಟಿಗೆ ಈ ಸಲ ಮೈಲುತುತ್ತು ಮರೆಯದೆ ಹಾಕಿ. ಕಳೆದ ಮಳೆಗಾಲ ನನ್ನ ಮೂರನೇ ಪುಸ್ತಕಕ್ಕೆ ಹಿಡಿದ ಬೂಸ್ಟಿನಲ್ಲಿ ಅಣಬೆ ಸಾರು ಮಾಡಬಹುದಿತ್ತು.

ಕೆಲಸ ಹೀಗೆ ಅರ್ಧದಲ್ಲಿದ್ದಾಗಲೇ ಮುಂದಿನ ಹುಚ್ಚು ಹತ್ತಿದೆ. ತುಳುವಿನ ಉದ್ದ ಕಥನಗೀತೆ ಸಿರಿ ಪಾಡ್ದನ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ್ದನ್ನು ಜಾನಪದ ವಿದ್ವಾಂಸರಾದ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿ 1998ರಲ್ಲಿ ಅಚ್ಚು ಮಾಡಿಸಿದರು. 15,683 ಸಾಲು. ಮನೆ, ಗಂಡ, ಮಗು, ಬಯಕೆ ಸೀರೆಯ ಅವಮಾನ ಎಲ್ಲ ಅದರಲ್ಲಿದೆ. ಬಯಕೆಯ ಭಾಗ ಮಾತ್ರ ಮಾಡೋಣ ಅಂತ. ಸಾಲಿಗೆ ಮೂರು ವಾರದ ನನ್ನ ಈಗಿನ ವೇಗದಲ್ಲಿ ಪೂರ್ತಿ ಮುಗಿಸಲು ಸುಮಾರು 900 ವರ್ಷ ಬೇಕು. ಉಡುಪಿಯಿಂದ ಬಂದ ತುಳು ನಿಘಂಟಿನ ಆರು ಸಂಪುಟಗಳಲ್ಲಿ ನನ್ನ ಹತ್ತಿರ ಇರುವುದು ಎರಡು. ಉಳಿದವು ಯಾರಾದರೂ ಮಾರುವವರಿದ್ದರೆ ತಿಳಿಸಿ, ಅಟ್ಟದ ಬೆಲೆ ಹೇಳಬೇಡಿ.

ನಿನ್ನೆ ರಾತ್ರಿ ಪೂರ್ತಿ ಪಠ್ಯ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಎಲೆ ನೆನೆಸಿ ಗೋಣಿಯಲ್ಲಿ ಸುತ್ತಿಟ್ಟು, ನಸುಕಿಗೇ ಎದ್ದು ಕತ್ತರಿಸುತ್ತಿದ್ದರು. ನಮಗೆ ಎಚ್ಚರ ಆಗಬಾರದು ಎಂದು ಚಿಮಿಣಿಗೆ ಮೊರ ಅಡ್ಡ ಇಡುತ್ತಿದ್ದರು. ಕತ್ತರಿಯ ಸದ್ದಿಗೆ ಮಾತ್ರ ಅಡ್ಡ ಇಡಲು ಏನೂ ಇರಲಿಲ್ಲ. ನಾನು ಮಗ್ಗುಲು ಬದಲಿಸಿ 'ಶಬ್ದ ಮಾಡಬೇಡಿ' ಎನ್ನುತ್ತಿದ್ದೆ. ಬೀಡಿ ಬ್ರ್ಯಾಂಚಿನಲ್ಲಿ ಕಟ್ಟು ವಾಪಸು ಹಾಕಿದ ದಿನ ನಮ್ಮ ಮನೆಗೂ ಸಿಟ್ಟು ಬರುತ್ತಿತ್ತು.

ಚಾಕರಿಯ ಸಾಲಿಗೆ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ತುಳುವಿನಲ್ಲಿ ಕೇಳಿದ್ದು ಒಂದೇ. 'ಆಯೆ ಚಾ ಪರಿಯೆನಾ?' ಬೆಂಕಿ ಮಾಡಿ, ಶೂ ಒರೆಸಿ, ಎಲ್ಲ ಆದ ಮೇಲೆ ಅವನು ಚಹಾ ಕುಡಿದನಾ ಎಂದು.

ಮತ್ತೆ ನೋಡಿದೆ. 14 ಸಾಲಿನಲ್ಲಿ ಎಲ್ಲೂ ಇಲ್ಲ. ಬಲಪುಟದ ಟಿಪ್ಪಣಿಗೆ ಅಮ್ಮನ ಪ್ರಶ್ನೆ ಸೇರಿಸಿದ್ದೇನೆ. ಅದರಿಂದ ಪುಟ ಒಂದು ಜಾಸ್ತಿಯಾಗಿ ಹದಿನಾರರ ಲೆಕ್ಕ ತಪ್ಪಿದೆ. ಸೋಮವಾರ ಮತ್ತೆ ಕಾಗದದ ಅಂಗಡಿ.